ಉದ್ಯಾನವೆಂಬ ಪಥ್ಯ

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ‘ಜನಪದೋದ್ಧ್ವಂಸನೀಯ’ವೆಂದು ಹೆಸರು. ನಾಡಿಗೆ ನಾಡೇ ಏಕಕಾಲದಲ್ಲಿ ಒಂದೇ ವ್ಯಾಧಿಗೆ ತುತ್ತಾಗುವುದು ಹೇಗೆ ಎಂಬುದು ಅಲ್ಲಿಯ ವಿಚಾರ. ಮನುಷ್ಯರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ. ಹೀಗಿರುವಾಗ ಎಲ್ಲರಿಗೂ ಒಟ್ಟಿಗೇ ಒಂದು ರೋಗ ಬರುವುದೆಂತು ಎಂದು ಅಗ್ನಿವೇಶನು ಗುರುವನ್ನು ಕೇಳುತ್ತಾನೆ. ಪುನರ್ವಸು ಆತ್ರೇಯರು ಕೊಡುವ ಉತ್ತರದ ಸಾರವಿಷ್ಟು: ವ್ಯಕ್ತಿಗಳಲ್ಲಿ ಎಷ್ಟೇ ಭೇದವಿದ್ದರೂ ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಮಾತ್ರ ಸರ್ವರಿಗೂ ಸಾಮಾನ್ಯವಾದವು. ಅವು ಕೆಟ್ಟರೆ ಊರೇ ಕೆಡುತ್ತದೆ. ವಾಯುವಿಗಿಂತ ಜಲವನ್ನು, ಜಲಕ್ಕಿಂತ ದೇಶವನ್ನು, ದೇಶಕ್ಕಿಂತ ಕಾಲವನ್ನು ತಪ್ಪಿಸಿಕೊಳ್ಳುವುದು ಕಠಿಣ. ‘ದೇಶ’ವೆಂದರೆ ಇಲ್ಲಿ ನಾವು ವಾಸಿಸುವ ನೆಲ. ಕೆಟ್ಟ ನೀರನ್ನು ಕಾಯಿಸಿ ಕುಡಿಯಬಹುದು. ಕೆಟ್ಟ ನೆಲವನ್ನು ಬಿಟ್ಟು ಹೋಗುವುದೆಲ್ಲಿಗೆ?

ಈ ಸಂವಾದ ನಡೆದ ಸ್ಥಳವನ್ನೂ ಗಮನಿಸಬೇಕು. ಪಾಂಚಾಲದೇಶದ ಕಾಂಪಿಲ್ಯನಗರದ ಬಳಿ, ಬೇಸಗೆಯ ಕೊನೆಯ ಮಾಸದಲ್ಲಿ, ಗಂಗೆಯ ದಂಡೆಯ ವನದಲ್ಲಿ ಸಂಚರಿಸುತ್ತ ಆತ್ರೇಯರು ಈ ಪಾಠವನ್ನು ಹೇಳಿದರೆಂದು ಸಂಹಿತೆಯೇ ತಿಳಿಸುತ್ತದೆ. ಊರಿನ ಆರೋಗ್ಯವನ್ನು ಕುರಿತ ನಮ್ಮ ಪ್ರಾಚೀನ ಉಪದೇಶವೊಂದು ಹೀಗೆ ಮರಗಳ ನಡುವೆ, ನಡಿಗೆಯಲ್ಲಿ ಹುಟ್ಟಿತು. ವಾಯು ಮೊದಲಾದವು ಕೆಡುವುದಕ್ಕೆ ಮೂಲವೇನೆಂಬ ಪ್ರಶ್ನೆ ಮುಂದೆ ಬರುತ್ತದೆ. ಅಧರ್ಮವೇ ಮೂಲವೆಂದೂ, ಅದು ದೇಶ ನಗರಗಳ ಮುಖ್ಯಸ್ಥರಿಂದ ಆರಂಭವಾಗಿ ಪ್ರಜೆಗಳಲ್ಲಿ ಹರಡುತ್ತದೆಂದೂ ಆತ್ರೇಯರು ಹೇಳುತ್ತಾರೆ. ನಮ್ಮ ಪುರಸಭೆಗಳ ಸಭಾಂಗಣಗಳಲ್ಲಿ ಈ ಅಧ್ಯಾಯವನ್ನೊಮ್ಮೆ ಓದಿಸಿದರೆ ಅನುಚಿತವಾಗಲಾರದು.

ಆರೋಗ್ಯದ ಪುಟಗಳಲ್ಲಿ ಉದ್ಯಾನದ ಮಾತೇಕೆ ಎಂದು ಸದ್ಭಕ್ತರಲ್ಲಿ ಕೆಲವರಿಗೆ ಅನ್ನಿಸಬಹುದು. ಮಧುಮೇಹ, ರಕ್ತದೊತ್ತಡ, ಸ್ಥೌಲ್ಯ, ಮಂಡಿನೋವು, ನಿದ್ರಾನಾಶ ಎಂದು ಇಂದು ನಮ್ಮ ಬಳಿಗೆ ಬರುವವರಿಗೆ ವೈದ್ಯರು, ಅವರು ಯಾವ ಪದ್ಧತಿಯವರೇ ಆಗಿರಲಿ, ಔಷಧದ ಚೀಟಿ ಬರೆದ ಮೇಲೆ ಕೊನೆಗೆ ಹೇಳುವ ಮಾತು ಒಂದೇ: ‘ದಿನವೂ ನಡೆಯಿರಿ.’ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟಾದರೂ ಮಧ್ಯಮ ಪ್ರಮಾಣದ ಶರೀರಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಎಲ್ಲಿ ನಡೆಯಬೇಕೆಂಬುದನ್ನು ಮಾತ್ರ ಯಾರೂ ಚೀಟಿಯಲ್ಲಿ ಬರೆದುಕೊಡುವುದಿಲ್ಲ.

ಲಿಂಗದಹಳ್ಳಿಯ ಸುತ್ತಲಿನ ಹಿರಿಯರಲ್ಲಿ ಅನೇಕರು ವರ್ಷದಲ್ಲಿ ಕೆಲವು ತಿಂಗಳು ಮಕ್ಕಳ ಮನೆಯಲ್ಲಿ, ಹೆಚ್ಚಾಗಿ ಬೆಂಗಳೂರಿನಲ್ಲಿ ಇರುತ್ತಾರೆ. ಅಡಕೆ ತೋಟದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತಿದ್ದ ದೇಹ ಅಲ್ಲಿ ಮೂರನೆಯ ಮಹಡಿಯಲ್ಲಿ ಕುಳಿತುಬಿಡುತ್ತದೆ. ಮರಳಿ ಬಂದಾಗ ರಕ್ತದ ಸಕ್ಕರೆ ಏರಿರುತ್ತದೆ, ಪಾದ ಊದಿರುತ್ತದೆ, ಮಲಪ್ರವೃತ್ತಿ ಕೆಟ್ಟಿರುತ್ತದೆ. ‘ಸೊಸೆ ಚೆನ್ನಾಗಿಯೇ ನೋಡ್ಕೋತಾಳೆ ಡಾಕ್ಟ್ರೇ, ಊಟಕ್ಕೂ ಕೊರತೆ ಇಲ್ಲ. ಗೇಟು ದಾಟಿದರೆ ಕಾಲಿಡೋಕೆ ಜಾಗ ಇಲ್ಲ ಅಷ್ಟೇ’ ಎಂದು ಒಬ್ಬ ಹಿರಿಯರು ಹೇಳಿದರು. ಅವರಿಗೆ ಬೇಕಾಗಿದ್ದುದು ಹೊಸ ಗುಳಿಗೆಯಲ್ಲ. ಆ ಬೀದಿಯ ತುದಿಯಲ್ಲಿ ಬಡಾವಣೆಯ ನಕ್ಷೆಯಲ್ಲಿ ಮಾತ್ರ ಉಳಿದಿದ್ದ ಉದ್ಯಾನ ಅವರಿಗೆ ಬೇಕಾಗಿತ್ತು.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹಕ್ಕೆ ಹೇಳಿರುವ ವಿಧಿಯನ್ನು ಓದಿದವರು ಮರೆಯಲಾರರು. ಧನವಿಲ್ಲದ ಪ್ರಮೇಹಿಯು ಪಾದರಕ್ಷೆ, ಕೊಡೆಗಳಿಲ್ಲದೆ, ಭಿಕ್ಷಾನ್ನವನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ಮುನಿಯಂತೆ ನೂರು ಯೋಜನ ನಡೆಯಬೇಕು. ಕೃಷಿ ಮಾಡಬೇಕು, ಇಲ್ಲವೆ ಬಾವಿ ತೋಡಬೇಕು. ನಡಿಗೆ ಅಲ್ಲಿ ಔಷಧದ ಬಾಲವಾಗಿ ಬಂದಿಲ್ಲ, ಅದೇ ಔಷಧ. ಇಂದು ಯಾರನ್ನೂ ನೂರು ಯೋಜನ ಕಳುಹಿಸಲಾಗದು. ಆದರೆ ಆ ನಡಿಗೆಯನ್ನು ದಿನಕ್ಕೆ ಅರ್ಧ ಗಂಟೆಯಂತೆ ಹಂಚಿಕೊಡಬಲ್ಲ ಸ್ಥಳ ಊರಿನೊಳಗೆ ಇರಲೇಬೇಕು. ಪಥಕ್ಕೆ, ಅಂದರೆ ದೇಹದ ಮಾರ್ಗಗಳಿಗೆ, ಹಿತವಾದದ್ದು ಪಥ್ಯವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಉದ್ಯಾನವನ್ನು ನಾನು ಊರಿನ ಪಥ್ಯವೆಂದು ಕರೆಯುವುದು ಈ ಅರ್ಥದಲ್ಲಿ. ಪಥ್ಯದ ಗುಣವೆಂದರೆ ಅದು ನಿತ್ಯವಾಗಿರಬೇಕು, ಕೈಗೆಟುಕುವಂತಿರಬೇಕು, ಬಡವನಿಗೂ ಸಿಕ್ಕಬೇಕು.

ಈ ಭೇದವನ್ನು ನಮ್ಮ ಭಾಗದವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿಯ ದಾರಿ ಹಿಡಿದರೆ ಕೆಮ್ಮಣ್ಣುಗುಂಡಿ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಆ ಗಿರಿಧಾಮವನ್ನು ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ. ಕೆಂಪು ಮಣ್ಣಿನ ಗುಂಡಿ ಎಂಬ ಹೆಸರಿಗೆ ತಕ್ಕಂತೆ ಅದು ಕಬ್ಬಿಣದ ಅದಿರಿನ ನೆಲ; ಭದ್ರಾವತಿಯ ಕಾರ್ಖಾನೆಗೆ ಅಲ್ಲಿಂದಲೇ ಅದಿರು ಹೋಗುತ್ತಿತ್ತು. ವೀರಭದ್ರನ ದರ್ಶನ ಮಾಡಿ, ಮೇಲೇರಿ ಹೂದೋಟ ನೋಡಿ ಬರುವುದು ನಮಗೆಲ್ಲ ರೂಢಿ. ಇಷ್ಟು ಸೊಬಗು ಪಕ್ಕದಲ್ಲೇ ಇರುವಾಗ ಊರೊಳಗೆ ಉದ್ಯಾನವೇಕೆ ಎಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ವರ್ಷಕ್ಕೊಮ್ಮೆ ಹೋಗಿಬರುವ ಸ್ಥಳ ಹಬ್ಬದ ಹೋಳಿಗೆಯಂತೆ. ನಿತ್ಯದ ಮುದ್ದೆ ಸಾರಿನ ಸ್ಥಾನವನ್ನು ಅದು ತುಂಬಲಾರದು.

ಮಾರಿ ಕಲಿಸಿದ ಪಾಠ

ಸಾರ್ವಜನಿಕ ಉದ್ಯಾನವು ವಿಲಾಸಕ್ಕಾಗಿ ಹುಟ್ಟಿತೆಂದು ನಾವು ಭಾವಿಸುತ್ತೇವೆ. ಅದರ ಚರಿತ್ರೆಯಲ್ಲಿ ಸಾವಿನ ಲೆಕ್ಕವೂ ಇದೆ. ಲಂಡನ್ ನಗರದ ಮರಣದಾಖಲೆಗಳನ್ನು ಅಭ್ಯಾಸ ಮಾಡುತ್ತಿದ್ದ ವಿಲಿಯಂ ಫಾರ್ ಎಂಬವರ ವರದಿಯೊಂದು 1839ರಲ್ಲಿ ಪ್ರಕಟವಾಯಿತು. ನಗರದ ಪೂರ್ವಭಾಗದ ಕಿಕ್ಕಿರಿದ ಕೂಲಿಕಾರರ ಕೇರಿಗಳಲ್ಲಿ ಉದ್ಯಾನವೊಂದಿದ್ದರೆ ಎಷ್ಟೋ ಸಾವುಗಳು ತಪ್ಪುತ್ತಿದ್ದವೆಂಬ ವಾದ ಅದರಲ್ಲಿತ್ತು. ಮರುವರ್ಷ ಸುಮಾರು ಮೂವತ್ತು ಸಾವಿರ ಜನ ಸಹಿಮಾಡಿ ರಾಣಿಗೆ ಮನವಿ ಸಲ್ಲಿಸಿದರು. 1845ರಲ್ಲಿ ವಿಕ್ಟೋರಿಯಾ ಪಾರ್ಕ್ ತೆರೆಯಿತು. ಕ್ಷಯವೂ ವಿಷಮಜ್ವರವೂ ಕಾಡುತ್ತಿದ್ದ ಕಾಲದಲ್ಲಿ ಗಾಳಿ, ಬೆಳಕು, ಬಯಲುಗಳನ್ನು ಬಡವರು ಕೇಳಿ ಪಡೆದರು.

ನಮ್ಮಲ್ಲಿಯೂ ಜನಪದೋದ್ಧ್ವಂಸವೇ ಪಾಠ ಕಲಿಸಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಹಳೆಯ ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದು, ಗಾಳಿ ಬೆಳಕುಗಳಿಗೆ ದಾರಿ ಇರಲಿಲ್ಲ. ಆಗ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ಬೀದಿ, ಮನೆಯ ಹಿಂದೆ ಓಣಿ, ನಡುನಡುವೆ ಬಯಲು ಎಂಬ ಕ್ರಮದಲ್ಲಿ ಬೆಳೆಯುವುದಕ್ಕೆ ಆ ಮಾರಿಯೇ ಒತ್ತಾಸೆಯಾಯಿತು. ಹಳ್ಳಿಗಳಲ್ಲಾದರೋ ಜನ ಊರು ತೊರೆದು ಹೊರಗಿನ ಬಯಲಿನಲ್ಲಿ, ತೋಪುಗಳಲ್ಲಿ ಗುಡಿಸಲು ಹಾಕಿಕೊಂಡು ಜೀವ ಉಳಿಸಿಕೊಂಡರು. ಪ್ಲೇಗಿನ ಮಾರಮ್ಮನ ಗುಡಿಗಳು ನಾಡಿನಲ್ಲಿ ಇನ್ನೂ ಇವೆ. ಆ ತೋಪುಗಳಲ್ಲಿ ಎಷ್ಟು ಉಳಿದಿವೆ ಎಂದು ಮಾತ್ರ ಕೇಳಬೇಕಾಗಿದೆ.

ಹಸಿರನ್ನು ಬರಿದೆ ಕಣ್ಣಿಂದ ಕಂಡರೂ ದೇಹಕ್ಕೆ ಪ್ರಯೋಜನವುಂಟೆಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನವಿದೆ. ಅಮೆರಿಕದ ರೋಜರ್ ಉಲ್ರಿಚ್ ಎಂಬ ವಿದ್ವಾಂಸರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆಗೆ ಒಳಗಾದ 46 ಮಂದಿಯ ದಾಖಲೆಗಳನ್ನು ಅವರು ಜೋಡಿ ಜೋಡಿಯಾಗಿ ಹೋಲಿಸಿದರು. 23 ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರ ಕಿಟಕಿಗೆ ಇಟ್ಟಿಗೆಯ ಗೋಡೆ ಎದುರಾಗಿತ್ತು. ಮರ ಕಂಡವರು ಬೇಗ ಮನೆಗೆ ಹೋದರು, ತೀಕ್ಷ್ಣವಾದ ನೋವುನಿವಾರಕಗಳನ್ನು ಕಡಿಮೆ ಬಯಸಿದರು. ಸಣ್ಣ ಅಧ್ಯಯನವೇ ಸರಿ, ಅದೊಂದನ್ನೇ ಹಿಡಿದು ದೊಡ್ಡ ಮಾತಾಡಬಾರದು. ಆದರೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವರಿಗೆ ಅದರ ಫಲಿತಾಂಶ ಆಶ್ಚರ್ಯ ತರುವುದಿಲ್ಲ.

ಆಸ್ಪತ್ರೆಯೋ ಉದ್ಯಾನವೋ

ವೈದ್ಯನಾದ ನಾನು ವಿಶೇಷವಾಗಿ ನೆನೆಯುವ ನ್ಯಾಯಾಲಯದ ತೀರ್ಪೊಂದಿದೆ. ಬೆಂಗಳೂರಿನ ಸದಾಶಿವನಗರ, ಅಂದರೆ ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಒಂದು ಜಾಗವನ್ನು ಸಾರ್ವಜನಿಕ ಉದ್ಯಾನಕ್ಕೆಂದು ಕಾದಿರಿಸಲಾಗಿತ್ತು. 1976ರಲ್ಲಿ ಸರಕಾರದ ಆದೇಶದಂತೆ ಅದನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. 1991ರ ಜುಲೈಯಲ್ಲಿ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು.

ಮೇಲುನೋಟಕ್ಕೆ ಟ್ರಸ್ಟಿನ ವಾದದಲ್ಲಿ ಹುರುಳಿತ್ತು. ಆಸ್ಪತ್ರೆಯೂ ಜನರ ಆರೋಗ್ಯಕ್ಕಾಗಿಯೇ ಇರುವುದಲ್ಲವೇ? ಉದ್ಯಾನಕ್ಕಿಂತ ಆಸ್ಪತ್ರೆ ಹೆಚ್ಚಿನ ಉಪಕಾರವಲ್ಲವೇ? ನಮ್ಮ ಊರುಗಳಲ್ಲಿ ಇಂಥ ಪ್ರಶ್ನೆ ಬಂದರೆ ಬಹುಶಃ ನೂರಕ್ಕೆ ತೊಂಬತ್ತು ಜನ ಆಸ್ಪತ್ರೆಯ ಕಡೆಗೇ ಕೈ ಎತ್ತುವರು. ನ್ಯಾಯಾಲಯ ಕಂಡ ಬಗೆ ಬೇರೆ. ಹಿಂದೆ ಸ್ವಚ್ಛವಾದ ಗಾಳಿ, ಸುಂದರವಾದ ಪರಿಸರಗಳು ಅರಸರ, ಸಿರಿವಂತರ ಸೊತ್ತಾಗಿದ್ದವು. ಸಾಮಾನ್ಯನಿಗೂ ಸಮಾನತೆಯುಂಟೆಂಬ ಭಾವನೆ ಬೆಳೆದಂತೆ ಸಾರ್ವಜನಿಕ ಉದ್ಯಾನ ಹುಟ್ಟಿತು. ಅದು ಜನರ ಅವಶ್ಯಕತೆ, ಬರಿಯ ಅನುಕೂಲವಲ್ಲ. ಖಾಸಗಿ ಚಿಕಿತ್ಸಾಲಯ ಉದ್ಯಾನದ ಬದಲಿಯಾಗಲಾರದು ಎಂಬ ಅರ್ಥದ ಮಾತುಗಳು ಆ ತೀರ್ಪಿನಲ್ಲಿವೆ. ನನಗೂ ಒಂದು ಪುಟ್ಟ ಚಿಕಿತ್ಸಾಲಯವಿದೆ. ಆದರೂ ಈ ಮಾತಿಗೆ ನನ್ನ ಪೂರ್ಣ ಸಮ್ಮತಿ. ಸ್ವಸ್ಥನ ಸ್ವಾಸ್ಥ್ಯವನ್ನು ರಕ್ಷಿಸುವುದು ಆಯುರ್ವೇದದ ಮೊದಲ ಪ್ರಯೋಜನ, ಆತುರನ ವಿಕಾರವನ್ನು ಶಮನ ಮಾಡುವುದು ಅದರ ನಂತರದ್ದು. ಉದ್ಯಾನ ಮೊದಲನೆಯದನ್ನು ಮಾಡುತ್ತದೆ, ಆಸ್ಪತ್ರೆ ಎರಡನೆಯದನ್ನು. ಮೊದಲನೆಯದರ ನೆಲವನ್ನು ಕಿತ್ತು ಎರಡನೆಯದಕ್ಕೆ ಕೊಟ್ಟರೆ ಆಸ್ಪತ್ರೆಗೆ ರೋಗಿಗಳ ಕೊರತೆ ಎಂದೂ ಆಗದು.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ತನ್ನ ಬಡಾವಣೆಗಳಲ್ಲಿ ಶೇಕಡ 15ಕ್ಕೆ ಕಡಮೆಯಿಲ್ಲದಷ್ಟು ಜಾಗವನ್ನು ಉದ್ಯಾನ, ಆಟದ ಬಯಲುಗಳಿಗೆ ಬಿಡಬೇಕೆನ್ನುತ್ತದೆ. ಹಾಗೆ ಬಿಟ್ಟ ಜಾಗವನ್ನು ಮಾರಬಾರದೆಂದೂ ವಿಧಿಸುತ್ತದೆ. ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಅಧಿನಿಯಮವಿದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ರಕ್ಷಣೆಗೆ 1975ರ ಕಾಯ್ದೆಯೇ ಬೇರೆ. ಕಾಯ್ದೆಗೆ ಕೊರತೆಯಿಲ್ಲ. ನಮ್ಮ ಬೀದಿಯ ನಕ್ಷೆಯಲ್ಲಿ ಹಸಿರು ಬಣ್ಣ ಎಲ್ಲಿದೆ ಎಂದು ನೋಡುವವರ ಕೊರತೆಯಿದೆ.

ಅಭಿವೃದ್ಧಿಯ ಹೆಸರಿನಲ್ಲಿ

ಉಳಿದ ಜಾಗಕ್ಕೂ ಒಂದು ಅಪಾಯವಿದೆ. ಅದರ ಹೆಸರು ಅಭಿವೃದ್ಧಿ. ಅನುದಾನ ಬಂದೊಡನೆ ಮೊದಲು ಆಗುವುದು ಕಮಾನು, ಅನಂತರ ಇಂಟರ್ಲಾಕ್ ಟೈಲ್ಸು, ಅನಂತರ ಬಣ್ಣದ ದೀಪ, ಸಿಮೆಂಟಿನ ಜಿಂಕೆ, ಕಾರಂಜಿ, ಕೊನೆಗೆ ಶಂಕುಸ್ಥಾಪನೆಯ ಕಲ್ಲು. ಮರಕ್ಕೆ ಹಣ ಉಳಿದಿರುವುದಿಲ್ಲ. ಇವುಗಳಲ್ಲಿ ಕೆಲವು ಆರೋಗ್ಯಕ್ಕೆ ನೇರವಾಗಿ ಹಾನಿಕರವೆಂದು ವೈದ್ಯನಾಗಿ ಹೇಳಬೇಕಾಗಿದೆ.

ಕಾರಂಜಿಯನ್ನೇ ತೆಗೆದುಕೊಳ್ಳಿ. ಉದ್ಘಾಟನೆಯ ದಿನ ಚಿಮ್ಮುವ ಅದು ಮೋಟಾರು ಕೆಟ್ಟ ಮೇಲೆ ನಿಂತ ನೀರಿನ ತೊಟ್ಟಿಯಾಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಪ್ರಶಸ್ತವಾದ ತವರುಮನೆ ಬೇರಿಲ್ಲ, ಮತ್ತು ಅದು ಕಚ್ಚುವುದು ಹಗಲಿನಲ್ಲಿ, ಮಕ್ಕಳು ಆಡುವ ಹೊತ್ತಿನಲ್ಲಿ. 2024ರಲ್ಲಿ ನಮ್ಮ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದುದನ್ನು ಮರೆಯಬಾರದು. ದಿನವೂ ಓಡಿಸಲಾರದ ಕಾರಂಜಿಯನ್ನು ಕಟ್ಟದಿರುವುದೇ ಲೇಸು. ಕಟ್ಟಿದ್ದರೆ ವಾರಕ್ಕೊಮ್ಮೆ ಬರಿದುಮಾಡಿ ಒಣಗಿಸಬೇಕು.

ನಡಿಗೆಯ ದಾರಿಗೆ ಹಾಸುವ ಕಾಂಕ್ರೀಟು, ಟೈಲ್ಸುಗಳು ಬಿಸಿಲನ್ನು ಹೀರಿ ಸಂಜೆಯವರೆಗೂ ಝಳ ಕಾರುತ್ತವೆ, ಮಳೆಯಲ್ಲಿ ಪಾಚಿಗಟ್ಟಿ ಜಾರುತ್ತವೆ. ಅರವತ್ತು ದಾಟಿದವರಿಗೆ ಒಂದು ಜಾರು ಸಾಕು, ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿಯಲು. ಸಂಧಿವಾತದವರ ಮಂಡಿಗೆ ಗಟ್ಟಿಯಾಗಿ ತುಳಿದ ಮಣ್ಣಿನ, ಇಲ್ಲವೆ ಜರಡಿ ಹಿಡಿದ ಗ್ರಾವೆಲ್ಲಿನ ದಾರಿ ಹಿತ. ಗಾಲಿಕುರ್ಚಿಯವರಿಗಾಗಿ ಒಂದು ಬದಿಯಲ್ಲಿ ಒರಟು ಕಲ್ಲುಚಪ್ಪಡಿ ಹಾಕಿದರೆ ಸಾಕು. ಬುಡದವರೆಗೂ ಸಿಮೆಂಟು ಮೆತ್ತಿಸಿಕೊಂಡ ಮರಗಳನ್ನು ನೀವೂ ನೋಡಿರುತ್ತೀರಿ. ಬೇರಿಗೆ ಗಾಳಿಯೂ ನೀರೂ ಹೋಗದ ಆ ಮರಗಳು ಮೊದಲ ಬಿರುಗಾಳಿಗೇ ಉರುಳುತ್ತವೆ. ಮರದ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿನಿಂದ ಮುಕ್ತವಾಗಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲಿ ದೆಹಲಿಯ ಆಡಳಿತಕ್ಕೆ ಆಜ್ಞಾಪಿಸಿತು. ನಮಗೆ ಅಂಥ ಆಜ್ಞೆ ಬರುವವರೆಗೆ ಕಾಯಬೇಕಾಗಿಲ್ಲ. ಒಂದು ಹಾರೆ ಸಾಕು.

ಹುಲ್ಲುಹಾಸಿನ ಮೋಹವೂ ಅತಿಯಾಯಿತು. ಅದಕ್ಕೆ ಬೇಸಗೆಯಲ್ಲಿ ದಿನವೂ ನೀರು ಬೇಕು, ‘ತುಳಿಯಬಾರದು’ ಎಂಬ ಫಲಕ ಬೇಕು, ನೆರಳು ಮಾತ್ರ ಅದರಿಂದ ದೊರೆಯದು. ಮರ ತನ್ನ ಎಲೆಗಳ ಮೂಲಕ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಂಪುಮಾಡುತ್ತದೆ, ಧೂಳನ್ನು ಹಿಡಿಯುತ್ತದೆ. ಇನ್ನು ಅಲಕ್ಷ್ಯಕ್ಕೊಳಗಾದ ಉದ್ಯಾನಗಳಲ್ಲಿ ಬೆಳೆಯುವ ಪಾರ್ಥೇನಿಯಂ, ನಮ್ಮವರ ಮಾತಿನಲ್ಲಿ ಕಾಂಗ್ರೆಸ್ ಗಿಡ, ಚರ್ಮದ ತುರಿಕಜ್ಜಿಗೂ ಮೂಗಿನ ಸೋರಿಕೆಗೂ ಉಬ್ಬಸಕ್ಕೂ ಕಾರಣವಾಗುತ್ತದೆ. ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ ಕೈಚೀಲ ತೊಟ್ಟು ಬೇರುಸಹಿತ ಕೀಳಬೇಕು.

ಉದ್ಯಾನವನ್ನು ನಿಜವಾಗಿ ಬೆಳೆಸಿದವರ ದೃಷ್ಟಿ ಹೇಗಿತ್ತೆಂಬುದಕ್ಕೆ ಲಾಲ್‌ಬಾಗೇ ಸಾಕ್ಷಿ. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟ 1856ರಲ್ಲಿ ಸರಕಾರಿ ಸಸ್ಯತೋಟವಾಯಿತು, ಇಂದು 240 ಎಕರೆಗಳಷ್ಟು ಹರಡಿದೆ. 1908ರಲ್ಲಿ ಅದರ ಹೊಣೆ ಹೊತ್ತ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರು ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸುವಾಗ ಒಂದು ಕ್ರಮವನ್ನು ಅನುಸರಿಸಿದರು. ಒಂದು ಜಾತಿಯ ಹೂವಿನ ಕಾಲ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ನಗರ ಹೂವಿಲ್ಲದೆ ಇರಬಾರದು. ಋತುಚರ್ಯೆಯನ್ನು ಓದಿದ ನಮಗೆ ಇದು ಪರಿಚಿತವಾದ ಬುದ್ಧಿ. 1932ರಲ್ಲಿ ಅವರ ಸ್ಥಾನಕ್ಕೆ ಬಂದ ಎಚ್.ಸಿ. ಜವರಾಯರು, ಮುಂದೆ ಎಂ.ಎಚ್. ಮರಿಗೌಡರು ಆ ಪರಂಪರೆಯನ್ನು ನಾಡಿನ ಉದ್ದಗಲಕ್ಕೆ ಒಯ್ದರು. ನೆಟ್ಟ ಸಸಿ ಮರವಾಗುವ ಹೊತ್ತಿಗೆ ತಾವು ಅಧಿಕಾರದಲ್ಲಿ ಇರುವುದಿಲ್ಲವೆಂಬುದು ಅವರಿಗೆಲ್ಲ ತಿಳಿದಿತ್ತು.

ಯಾರಿಗಾಗಿ ತೆರೆದಿರಬೇಕು ಎಂಬುದೂ ಮುಖ್ಯ. ಬೆಂಗಳೂರಿನ ಬಡಾವಣೆಗಳ ಉದ್ಯಾನಗಳಿಗೆ ಹಗಲು ಹೊತ್ತಿನಲ್ಲಿ ಬೀಗ ಹಾಕುವ ರೂಢಿ ಬಹುಕಾಲ ಇತ್ತು. ಬಿಸಿಲಿನಲ್ಲಿ ದುಡಿಯುವ ಗಾರೆ ಕೆಲಸದವರು, ಮನೆಮನೆಗೆ ಸಾಮಾನು ಮುಟ್ಟಿಸುವ ಹುಡುಗರು, ಎರಡು ಮನೆಗಳ ಕೆಲಸದ ನಡುವೆ ಅರ್ಧ ಗಂಟೆ ಬಿಡುವಿರುವ ಹೆಣ್ಣುಮಕ್ಕಳು ನೆರಳು ಬೇಕಾದ ಹೊತ್ತಿಗೆ ಬೇಲಿಯ ಹೊರಗೆ ಕುಳಿತಿರುತ್ತಿದ್ದರು. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2024ರಲ್ಲಿ ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಿದ್ದು ಒಳ್ಳೆಯದಾಯಿತು. ಇದರೊಡನೆ ಒಂದು ಶುಚಿಯಾದ ಶೌಚಾಲಯವೂ ಬೇಕು. ಮಧುಮೇಹಿಗಳಿಗೆ, ಪ್ರಾಸ್ಟೇಟ್ ಗ್ರಂಥಿ ಊದಿದ ಹಿರಿಯರಿಗೆ, ಹೆಂಗಸರಿಗೆ ಅದಿಲ್ಲದ ಉದ್ಯಾನ ಇದ್ದೂ ಇಲ್ಲದಂತೆ. ಮೂತ್ರವೇಗವನ್ನು ತಡೆಯಬಾರದೆಂದು ನಾವು ಹೇಳುತ್ತೇವೆ. ತಡೆಯದೆ ಅವರು ಮಾಡುವುದೇನು?

ನಮ್ಮ ಊರುಗಳಲ್ಲಿ

ತರೀಕೆರೆ, ಕಡೂರು, ಅಜ್ಜಂಪುರಗಳಂಥ ಊರುಗಳು ಈಗ ಬೆಳೆಯುತ್ತಿವೆ. ಹೊಲಗಳು ನಿವೇಶನಗಳಾಗುತ್ತಿವೆ. ಬೆಂಗಳೂರು ಕಳೆದುಕೊಂಡು ಮರುಗುತ್ತಿರುವುದನ್ನು ಉಳಿಸಿಕೊಳ್ಳುವ ಅವಕಾಶ ನಮಗೆ ಇನ್ನೂ ಇದೆ. ನಿವೇಶನ ಕೊಳ್ಳುವ ಭಕ್ತರು ಕ್ರಯಪತ್ರದ ಜೊತೆಗೆ ಅನುಮೋದಿತ ಬಡಾವಣೆಯ ನಕ್ಷೆಯನ್ನೂ ಕೇಳಿ ಪಡೆಯಬೇಕು. ಉದ್ಯಾನದ ಜಾಗ ಎಲ್ಲಿದೆ, ಎಷ್ಟು ಚದರಡಿ, ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಅದನ್ನು ಬರೆದುಕೊಟ್ಟಿದ್ದಾರೆಯೇ ಎಂದು ನೋಡಬೇಕು. ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಇದೆ. ಇಂಥ ಜಾಗದಲ್ಲಿ ದೇವಸ್ಥಾನ ಕಟ್ಟಿಸುತ್ತೇವೆಂದು ಯಾರಾದರೂ ಮುಂದೆ ಬಂದಾಗ ನಮ್ಮ ಜನ ಬಾಯಿ ಕಟ್ಟಿಕೊಳ್ಳುತ್ತಾರೆ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರಿಗೆ ಮಕ್ಕಳು ಆಡುವ ಬಯಲನ್ನು ಕಸಿದು ಗುಡಿ ಕಟ್ಟುವ ಅಗತ್ಯವೇನಿದೆ? ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು; ಜನರ ನೀರಡಿಕೆ ಅವರ ಯೋಗಕ್ಕೆ ಹೊರತಾಗಿರಲಿಲ್ಲ. ಶಿವಮೊಗ್ಗದ ಹಳೆಯ ಜೈಲಿನ ಆವರಣ ಇಂದು ಅಲ್ಲಮಪ್ರಭುವಿನ ಹೆಸರಿನ ಬಯಲಾಗಿರುವುದನ್ನು ನೋಡಿದಾಗ ನನಗೆ ಸಂತೋಷವಾಗುತ್ತದೆ. ಬಯಲಿಗೆ ಇಡಲು ಅದಕ್ಕಿಂತ ಒಪ್ಪುವ ಹೆಸರು ಸಿಕ್ಕದು.

ಹಳ್ಳಿಗಳಲ್ಲಿ ಉದ್ಯಾನವೆಂಬ ಹೆಸರಿರಲಿಲ್ಲ, ಗುಂಡುತೋಪು ಇತ್ತು. ಊರ ಹೊರಗೆ, ಹೆಚ್ಚಾಗಿ ಕೆರೆಯ ಸಮೀಪದಲ್ಲಿ ಮಾವು, ಹುಣಸೆ, ನೇರಳೆ, ಹಲಸು, ಹೊಂಗೆಗಳ ಆ ತೋಪಿನಲ್ಲಿ ಗಾಡಿಯವರು ಎತ್ತು ಬಿಚ್ಚುತ್ತಿದ್ದರು, ದನಕಾಯುವವರು ಬುತ್ತಿ ಬಿಚ್ಚುತ್ತಿದ್ದರು. ಕಂದಾಯ ದಾಖಲೆಗಳಲ್ಲಿ ‘ಗುಂಡುತೋಪು’ ಎಂಬ ಪದ ಇಂದಿಗೂ ಇದೆ. ನಿಮ್ಮ ಊರಿನದರ ಸರ್ವೆ ನಂಬರನ್ನು ಗ್ರಾಮ ಆಡಳಿತಾಧಿಕಾರಿಯವರಲ್ಲಿ ಕೇಳಿ, ಅಳತೆ ಮಾಡಿಸಿ, ಬೇಲಿ ಹಾಕಿಸುವುದು ಹೊಸ ಉದ್ಯಾನ ಮಾಡುವುದಕ್ಕಿಂತ ಸುಲಭ. ಅರಣ್ಯ ಇಲಾಖೆಯವರು ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ವೃಕ್ಷೋದ್ಯಾನಗಳನ್ನು ಮಾಡಿದ್ದಾರೆ. ಮಾಗಡಿ ತಾಲ್ಲೂಕಿನ ಹುಲಿಕಲ್, ಕುದೂರುಗಳ ನಡುವಿನ ರಸ್ತೆಯಲ್ಲಿ ಆ ತಾಯಿ ನೆಟ್ಟ ಆಲದ ಸಾಲಿಗೆ ಯಾವ ಅನುದಾನವೂ ಬಂದಿರಲಿಲ್ಲ. ಕೊಡದಲ್ಲಿ ನೀರು ಹೊತ್ತರು.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಮೃತಮಹಲ್ ಕಾವಲುಗಳನ್ನು ಬಂಜರೆಂದು ತಿಳಿದು ಅಲ್ಲಿ ಸಸಿ ನೆಡಲು ಹೊರಡುವ ಉತ್ಸಾಹಿಗಳಿದ್ದಾರೆ. ಹುಲ್ಲುಗಾವಲು ತನ್ನಷ್ಟಕ್ಕೆ ಪೂರ್ಣವಾದ ಹಸಿರು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳ ನೆಲೆಯಾಗಿ ಸಂರಕ್ಷಿತವಾಗಿರುವುದು ಹುಲ್ಲಿನಿಂದಾಗಿ. ಅದಕ್ಕೆ ಮರದ ಉಪಕಾರ ಬೇಡ.

ನಡೆಯುವವರಿಗೆ

ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ವಾಗ್ಭಟರು ವಿಧಿಸಿದ್ದಾರೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿದಂತಾಗಿ, ಉಸಿರು ಬಾಯಿಯಿಂದ ಬರತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಪಕ್ಕದವರೊಡನೆ ಮಾತಾಡುತ್ತ ನಡೆಯಬಲ್ಲಷ್ಟು, ಆದರೆ ಹಾಡಲಾರದಷ್ಟು ವೇಗ ಸಾಕು. ಹೇಮಂತ, ಶಿಶಿರ, ವಸಂತಗಳಲ್ಲಿ ಇಷ್ಟು. ಬೇಸಗೆ ಮಳೆಗಾಲಗಳಲ್ಲಿ ಇನ್ನೂ ಕಡಮೆ. ಉಬ್ಬಸದವರು, ಹೃದ್ರೋಗವುಳ್ಳವರು ಚಳಿಗಾಲದ ಮಂಜು ಮುಸುಕಿದ ಮುಂಜಾವದಲ್ಲಿ ಹೊರಡುವುದು ಬೇಡ. ಹೊಗೆ ಧೂಳುಗಳು ಆಗ ನೆಲದ ಸಮೀಪದಲ್ಲೇ ನಿಂತಿರುತ್ತವೆ. ಬಿಸಿಲು ಮೂಡಿ ಮಂಜು ಕರಗಿದ ಮೇಲೆ ನಡೆಯಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ನಡೆಯಬಾರದು, ಜೇಬಿನಲ್ಲಿ ಒಂದು ಬೆಲ್ಲದ ಚೂರು ಇರಲಿ. ಪಾದದ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳು ಹುಲ್ಲಿನ ಮೇಲಾದರೂ ಬರಿಗಾಲಲ್ಲಿ ನಡೆಯಬಾರದು. ಚುಚ್ಚಿದ ಮುಳ್ಳು ಅವರಿಗೆ ತಿಳಿಯದು, ತಿಳಿಯುವ ಹೊತ್ತಿಗೆ ವ್ರಣವಾಗಿರುತ್ತದೆ. ನಡೆಯುವಾಗ ಎದೆಯಲ್ಲಿ ಬಿಗಿತ, ಎಡತೋಳಿಗೆ ಹರಡುವ ನೋವು ಕಂಡರೆ ಅಲ್ಲಿಯೇ ಕುಳಿತು, ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅದನ್ನು ವಾಯುವೆಂದು ಕಷಾಯ ಕುಡಿದು ಕಾಯಬಾರದು.

ನೆಡುವುದಾದರೆ ಯಾವ ಮರ ಎಂದು ಕೇಳುವವರಿಗೆ: ಆಲ, ಅರಳಿ, ಅತ್ತಿ, ಬಸರಿ, ಹೂವರಸಿ ಈ ಐದರ ತೊಗಟೆಯೇ ನಮ್ಮ ಪಂಚವಲ್ಕಲ. ವ್ರಣಗಳನ್ನು ತೊಳೆಯಲು ಅದರ ಕಷಾಯವನ್ನು ಬಳಸುತ್ತೇವೆ. ನೆರಳಿಗೂ ಹಕ್ಕಿಗಳಿಗೂ ಇವೇ ಶ್ರೇಷ್ಠ. ಆದರೆ ಆಲ ಅರಳಿಗಳ ಬೇರು ಬಹುದೂರ ಹೋಗುವುದರಿಂದ ಕಟ್ಟಡ, ನೀರಿನ ಕೊಳವೆಗಳಿಂದ ದೂರವಿರಲಿ. ಕಿರಿದಾದ ಜಾಗಕ್ಕೆ ಹೊಂಗೆ, ಬೇವು, ನೇರಳೆ, ನೆಲ್ಲಿ. ನೀರು ನಿಲ್ಲುವ ಕಡೆ ಹೊಳೆಮತ್ತಿ. ಕಾಂಪೌಂಡಿನ ಅಂಚಿಗೆ ಆಡುಸೋಗೆ, ಲಕ್ಕಿ. ಕೆಮ್ಮಿಗೂ ಮೈಕೈ ನೋವಿಗೂ ಊರವರಿಗೆ ಎಲೆ ಕೈಗೆ ಸಿಗುತ್ತದೆ, ದನವೂ ಮುಟ್ಟುವುದಿಲ್ಲ. ಮುಂಗಾರು ಹಿಡಿದ ಮೇಲೆ, ಮೃಗಶಿರ ಆರಿದ್ರೆಗಳ ನಡುವೆ ನೆಡುವುದು ಉತ್ತಮ. ಆಳೆತ್ತರದ ಸಸಿಯಾದರೆ ಮೇಕೆಗಳಿಂದ ಉಳಿಯುತ್ತದೆ. ಒಂದೂವರೆ ಅಡಿಯ ಗುಂಡಿ, ಕೊಟ್ಟಿಗೆಗೊಬ್ಬರ, ಒಂದು ಊರೆಗೋಲು. ಅನಂತರ ಎರಡು ಬೇಸಗೆ ವಾರಕ್ಕೆರಡು ಕೊಡ ನೀರು. ಯಾವ ಮನೆಯವರು ಯಾವ ಗಿಡಕ್ಕೆ ನೀರು ಹಾಕುವವರೆಂಬುದನ್ನು ನೆಡುವ ದಿನವೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.